ಬಾಲಂಗೋಚಿ ಬಿಡಿಸಿದ ದಿನ

ಎಲ್ಲಕ್ಕೂ ಕಾರಣ ಒಂದು ಗೇಟು. ಯಾವುದೋ ಊರಿನಲ್ಲಿ ಯಾರೋ ತಮ್ಮ ಮನೆಯ ಹಳದಿ ಗೇಟಿಗೆ ನೀಲಿ ಬಣ್ಣ ಬಳಿಸಿದರು. ಆ ಊರನ್ನೂ ಆ ಗೇಟನ್ನೂ ಎಂದೂ ಕಾಣದ ಒಬ್ಬ ಮನುಷ್ಯ ಅದೇ ಕಾರಣಕ್ಕೆ ಬೆಳಗಿನ ಕಾಫಿಯನ್ನು ಆರಲು ಬಿಟ್ಟು ಲ್ಯಾಪ್‌ಟಾಪ್ ಎದುರು ಕೂತಿದ್ದ. ಅವನ ಹೆಂಡತಿ ಅಡುಗೆಮನೆಯ ಬಾಗಿಲಲ್ಲಿ ನಿಂತು ಅವನನ್ನೇ ನೋಡುತ್ತಿದ್ದಳು.

ಈ ಮನುಷ್ಯನಿಗೆ ಅಪ್ಪ ಅಮ್ಮ ಇಟ್ಟ ಹೆಸರು ಬೇರೆ ಇದೆ. ಆದರೆ ಹೆಂಡತಿ ಒಮ್ಮೆ ಸಿಟ್ಟಿನಲ್ಲಿ ‘ಗೇಟಪ್ಪ’ ಎಂದದ್ದು ಗೋಡೆಯಾಚೆ ಪಕ್ಕದ ಮನೆಗೆ ಕೇಳಿಸಿತು. ಅಲ್ಲಿಂದ ಬೀದಿಗೆ ಬಂತು, ಬೀದಿಯಿಂದ ಕಚೇರಿಗೆ ಹೋಯಿತು. ಈಗ ಅವನು ಎಲ್ಲರ ಬಾಯಲ್ಲೂ ಗೇಟಪ್ಪನೇ ಆಗಿರುವುದರಿಂದ ನಾವೊಬ್ಬರು ಮರ್ಯಾದೆ ತೋರಿಸಿ ಪ್ರಯೋಜನವಿಲ್ಲ.

ಗೇಟಪ್ಪ ನೀರು ಸರಬರಾಜು ಕಚೇರಿಯಲ್ಲಿ ಕಂಪ್ಯೂಟರ್ ನೋಡಿಕೊಳ್ಳುವವನು. ಕೆಲವು ವರ್ಷಗಳ ಹಿಂದೆ ಆ ಕಚೇರಿಯ ಬಿಲ್ಲುಗಳು ತಪ್ಪು ಮನೆಗಳಿಗೆ ಹೋಗುತ್ತಿದ್ದವು. ಅದು ಬಿಲ್ಲು ಹಂಚುವವನ ತಪ್ಪಲ್ಲ, ಜನ ವಿಳಾಸ ಹೇಳುವ ರೀತಿಯದು. ಒಬ್ಬರು ‘ಔಷಧಿ ಅಂಗಡಿ ಎದುರು, ಹಳದಿ ಗೇಟು’ ಎನ್ನುತ್ತಾರೆ. ಅದೇ ಮನೆಯ ಅಳಿಯ ‘ಹಳೇ ಅಂಚೆ ಕಚೇರಿ ಹಿಂದೆ, ನಾಯಿ ಇರುವ ಮನೆ’ ಎನ್ನುತ್ತಾನೆ. ಇವೆರಡೂ ಒಂದೇ ಮನೆ ಎಂದು ಕಂಪ್ಯೂಟರಿಗೆ ತಿಳಿಸಿಕೊಡುವ ಒಂದು ಸಣ್ಣ ಪ್ರೋಗ್ರಾಂ ಅನ್ನು ಗೇಟಪ್ಪ ಬರೆದ. ಅದಕ್ಕೆ ‘ಮನೆಪತ್ತೆ’ ಎಂದು ಹೆಸರಿಟ್ಟ. ಅಲ್ಲಿಗೆ ನಿಲ್ಲಿಸಿದ್ದರೆ ಅವನು ಇವತ್ತು ಬಿಸಿ ಕಾಫಿ ಕುಡಿಯುತ್ತಿದ್ದ.

ಅವನು ಅದನ್ನು ದಾನ ಮಾಡಿದ. ಅವರ ಕಚೇರಿ ಮಾಹಿತಿಯನ್ನೆಲ್ಲ ಜೋಡಿಸಿಡಲು ಬಳಸುವ ಡೇಟಾಬೇಸ್ ಯಾವ ಕಂಪನಿಯ ಸ್ವತ್ತೂ ಅಲ್ಲ. ಊರೂರಿನ ಉತ್ಸಾಹಿಗಳು ಬಿಡುವಿನಲ್ಲಿ ಕೂತು ಬರೆದು ಬೆಳೆಸುತ್ತಿರುವುದು. ಯಾರು ಬೇಕಾದರೂ ಪುಕ್ಕಟೆ ಬಳಸಬಹುದು, ಒಳಗಿರುವುದನ್ನು ತೆರೆದು ನೋಡಬಹುದು, ತಿದ್ದಬಹುದು. ಎಲ್ಲರಿಗೂ ಬೇಕಾದದ್ದು ಅದರ ಮೂಲದಲ್ಲೇ ಇರುತ್ತದೆ. ಕೆಲವರಿಗೆ ಮಾತ್ರ ಬೇಕಾದ ಸಣ್ಣಪುಟ್ಟ ಬಿಡಿ ಪ್ರೋಗ್ರಾಂಗಳನ್ನು, ಅಂದರೆ ಮಾಡ್ಯೂಲುಗಳನ್ನು, ಮೂಲಕ್ಕೂ ಸೇರಿಸದೆ, ಬಿಸಾಡಲೂ ಮನಸ್ಸಾಗದೆ, ‘ಜೊತೆಗಂಟು’ ಎಂದು ಒಂದು ಕಡೆ ಕಟ್ಟಿ ಕೊಡುತ್ತಾರೆ. ಬೇಕಾದವರು ಗಂಟು ಬಿಚ್ಚಿ ತಮಗೆ ಬೇಕಾದ್ದನ್ನು ತಗಲಿಸಿಕೊಳ್ಳುತ್ತಾರೆ. ಗೇಟಪ್ಪನ ಹೆಂಡತಿ ಇದನ್ನೆಲ್ಲ ಕೇಳಿ, “ಅಂದ್ರೆ ಬಾಲಂಗೋಚಿ” ಎಂದಿದ್ದಳು. ಅದಕ್ಕಿಂತ ಚೆನ್ನಾಗಿ ಅದನ್ನು ಯಾರೂ ವಿವರಿಸಿಲ್ಲ.

ಮನೆಪತ್ತೆ ಜೊತೆಗಂಟಿಗೆ ಸೇರಿದ ದಿನ ಗೇಟಪ್ಪ ಬೀದಿಯ ಈ ತುದಿಯಿಂದ ಆ ತುದಿಯವರೆಗೆ ಹೇಳಿಕೊಂಡು ಬಂದ. ಕಚೇರಿಯ ಸಾಹೇಬರು ಬಂದ ಅತಿಥಿಗಳಿಗೆಲ್ಲ ಅವನನ್ನು ತೋರಿಸಿ, “ಇವರು ಬರೆದದ್ದು ಎಲ್ಲೆಲ್ಲೋ ಓಡ್ತಿದೆ” ಎನ್ನತೊಡಗಿದರು. ಆದರೆ ಬಾಲಂಗೋಚಿ ಕೊಟ್ಟವನೇ ಅದರ ಅಳಲು ಕೇಳಬೇಕು ಎಂಬುದು ಆಮೇಲೆ ತಿಳಿಯಿತು. ಗೇಟುಗಳ ಬಣ್ಣ ಬದಲಾಗುತ್ತಿತ್ತು. ಔಷಧಿ ಅಂಗಡಿ ಚಪ್ಪಲಿ ಅಂಗಡಿಯಾಗುತ್ತಿತ್ತು. ‘ನಮ್ಮ ನಾಯಿ ತೀರಿಕೊಂಡಿದೆ, ದಯವಿಟ್ಟು ಸರಿಪಡಿಸಿ’ ಎಂದು ಒಬ್ಬರು ಬರೆದಿದ್ದರು. ಪ್ರತಿ ಸಂಜೆ ಗೇಟಪ್ಪ ಸರಿಪಡಿಸುತ್ತಿದ್ದ.

“ರೀ, ನಾಳೆ ಬೆಳಿಗ್ಗೆ ಸಮುದ್ರಕ್ಕೆ ಹೊರಡೋದು, ನೆನಪಿದೆ ತಾನೇ?” ಎಂದಳು ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದ ಹೆಂಡತಿ.

“ಇದೆ ಕಣೇ.”

“ಹೋದ ಸಲಾನೂ ಹೋಗಿದ್ವಿ. ನೀವು ಸಮುದ್ರ ನೋಡಿದ್ರಾ?”

“ನೋಡಿದೆನಲ್ಲ.”

“ಲ್ಯಾಪ್‌ಟಾಪ್ ಮೇಲಿಂದ ಇಣುಕಿದ್ರಿ. ಅದಕ್ಕೂ ಮುಂಚೆ ಬೆಟ್ಟಕ್ಕೆ ಹೋದಾಗ ಬೆಟ್ಟಾನೂ ಹಾಗೇ ನೋಡಿದ್ರಿ. ಈ ಸಲ ಆ ಬಾಲಂಗೋಚಿ ಜೊತೆಗೆ ಬರೋದಾದ್ರೆ ನೀವು ಬರಬೇಡಿ. ನಮ್ಮಕ್ಕನ್ನ ಕರ್ಕೊಂಡು ಹೋಗ್ತೀನಿ.”

ಅವಳು ಇದನ್ನು ಕೂಗಾಡದೆ, ತರಕಾರಿ ಏನು ತರಲಿ ಎಂದು ಕೇಳುವಷ್ಟೇ ಸಮಾಧಾನದಿಂದ ಹೇಳಿದಳು. ಹಾಗೆ ಹೇಳಿದ ಮಾತನ್ನು ಅವಳು ಈವರೆಗೆ ಬದಲಿಸಿದ್ದಿಲ್ಲ. ಗೇಟಪ್ಪನಿಗೂ ಸಮುದ್ರ ನೋಡುವ ಆಸೆ ನಿಜವಾಗಿ ಇತ್ತು, ಹೆಂಡತಿಯ ಪಕ್ಕದಲ್ಲಿ ಕೈ ಖಾಲಿ ಬಿಟ್ಟು ಕೂರುವ ಆಸೆ ಅದಕ್ಕಿಂತ ಹೆಚ್ಚಾಗಿ ಇತ್ತು.

“ಇವತ್ತು ಸಂಜೆಗೆ ಅದು ನನ್ನ ಕೈ ಬಿಡುತ್ತೆ. ಎಲ್ಲಾ ಏರ್ಪಾಟು ಮಾಡಿದೀನಿ,” ಎಂದ.

ಏರ್ಪಾಟು ಇಷ್ಟೇ. ಆ ಡೇಟಾಬೇಸ್ ಬೆಳೆಸುವವರಲ್ಲಿ ಮತ ಹಾಕುವ ಪದ್ಧತಿ ಇಲ್ಲ. ಏನಾದರೂ ಮಾಡುವುದಿದ್ದರೆ ಎಲ್ಲರಿಗೂ ಕಾಣುವ ಪುಟದಲ್ಲಿ ಪ್ರಕಟಿಸುತ್ತಾರೆ. ಗಡುವಿನೊಳಗೆ ಯಾರೂ ತುಟಿ ಬಿಚ್ಚದಿದ್ದರೆ ಎಲ್ಲರಿಗೂ ಒಪ್ಪಿಗೆ ಎಂದು ಅರ್ಥ. ಜೊತೆಗಂಟನ್ನು ಕಟ್ಟುವ ಉಸ್ತುವಾರಿ ಒಬ್ಬರಿದ್ದರು. ಗೇಟಪ್ಪ ಅವರಿಗೆ ಗುಟ್ಟಾಗಿ ಫೋನ್ ಮಾಡಿ, ಮನೆಪತ್ತೆಯನ್ನು ಗಂಟಿನಿಂದ ತೆಗೆದುಬಿಡಿ, ಆದರೆ ನಾನೇ ಕೇಳಿದೆ ಎಂದು ಮಾತ್ರ ಹಾಕಬೇಡಿ ಎಂದು ಬೇಡಿಕೊಂಡಿದ್ದ. ಇಷ್ಟು ವರ್ಷ ಮೀಸೆ ತಿರುವಿದವನಿಗೆ ಈಗ ‘ನನಗೆ ಸಾಕಾಯಿತು’ ಎನ್ನಲು ನಾಚಿಕೆ. ಉಸ್ತುವಾರಿ ಒಪ್ಪಿ ಹೀಗೆ ಪ್ರಕಟಿಸಿದ್ದರು: ‘ಮನೆಪತ್ತೆ ಮಾಡ್ಯೂಲನ್ನು ಜೊತೆಗಂಟಿನಿಂದ ತೆಗೆಯಬೇಕೆಂದಿದೆ. ಇಂದು ಸಂಜೆಯೊಳಗೆ ಒಂದೇ ಒಂದು ಆಕ್ಷೇಪ ಬಂದರೂ ಅದು ಗಂಟಿನಲ್ಲೇ ಉಳಿಯುವುದು.’

ಉಳಿಯುವುದು ಎಂದರೆ ತನ್ನ ಕೊರಳಲ್ಲೇ ಉಳಿಯುವುದು ಎಂದು ಗೇಟಪ್ಪನಿಗೆ ಯಾರೂ ಬಿಡಿಸಿ ಹೇಳಬೇಕಾಗಿರಲಿಲ್ಲ. ಅವನು ಕಚೇರಿಗೆ ಹೋಗುವ ದಾರಿಯುದ್ದಕ್ಕೂ ಆ ಪುಟವನ್ನು ಫೋನಿನಲ್ಲಿ ನೋಡುತ್ತಾ ಹೋದ. ಒಬ್ಬರೂ ಏನೂ ಬರೆದಿರಲಿಲ್ಲ. ತನ್ನ ಕೆಲಸದ ಬಗ್ಗೆ ಜಗತ್ತಿಗೆ ಇಷ್ಟು ಉದಾಸೀನ ಇರುವುದು ಅವನಿಗೆ ಮೊದಲ ಸಲ ಖುಷಿ ಕೊಟ್ಟಿತು.

ಕಚೇರಿಯಲ್ಲಿ ಅವನ ಪಕ್ಕದ ಮೇಜಿನಲ್ಲಿ ಕೂರುವ ಹಿರಿಯ ಹೆಂಗಸನ್ನು ಎಲ್ಲರೂ ಅಕ್ಕ ಎಂದು ಕರೆಯುತ್ತಾರೆ. ಡೇಟಾಬೇಸಿನ ಹೊಸ ಆವೃತ್ತಿ ಬಂದಾಗ ಹಾಕುವ ಕೆಲಸ ಅವಳದು, ಇತರರ ಕಷ್ಟಸುಖ ವಿಚಾರಿಸುವುದು ಅವಳೇ ವಹಿಸಿಕೊಂಡ ಕೆಲಸ. ಗೇಟಪ್ಪ ಕೂರುವ ಮೊದಲೇ ಅವಳು ಅವನ ಕೈ ಹಿಡಿದುಕೊಂಡಳು.

“ತಮ್ಮಾ, ಧೈರ್ಯವಾಗಿರು. ನಿನಗೆ ಅನ್ಯಾಯ ಆಗೋಕೆ ನಾನು ಬಿಡಲ್ಲ.”

“ಏನಾಯ್ತಕ್ಕ?”

“ನಿನ್ನ ಮನೆಪತ್ತೇನ ಎತ್ತಿ ಬಿಸಾಕ್ತಾರಂತೆ. ನಾನೇ ಕಣ್ಣಾರೆ ಓದಿದೆ. ಎಷ್ಟು ವರ್ಷ ನಿದ್ದೆಗೆಟ್ಟು ಸಾಕಿದ್ದೀಯ. ಬೇಕಾದಾಗ ಬಳಸ್ಕೊಂಡ್ರು, ಈಗ ಬೇಡ ಅಂತಾರೆ.”

“ಹೋಗ್ಲಿ ಬಿಡಕ್ಕ. ನಾನೇನೂ ಬೇಜಾರು ಮಾಡ್ಕೊಂಡಿಲ್ಲ.”

“ನೀನು ಮಾಡ್ಕೊಳಲ್ಲ, ನಿನ್ನ ಸ್ವಭಾವ ಗೊತ್ತು. ಅದಕ್ಕೇ ನಿನ್ನ ಪರವಾಗಿ ಎಲ್ಲರಿಗೂ ನಾನೇ ಕಳಿಸಿದೆ. ನಮ್ಮ ಕಚೇರಿ ವಾಟ್ಸಾಪ್ ಗುಂಪು, ನಿಮ್ಮ ಬೀದಿ ಗುಂಪು, ಎರಡಕ್ಕೂ. ಆ ಪುಟಕ್ಕೆ ಹೋಗಿ ಎಲ್ಲಿ ಒತ್ತಬೇಕು, ಹೇಗೆ ಬರೀಬೇಕು ಅಂತಾನೂ ಹೇಳ್ಕೊಟ್ಟಿದೀನಿ.”

ಗೇಟಪ್ಪ ಕೈ ಬಿಡಿಸಿಕೊಂಡ. ಫೋನ್ ತೆಗೆದು ನೋಡಿದರೆ ಮೊದಲ ಆಕ್ಷೇಪ ಆಗಲೇ ಬಂದು ಕೂತಿತ್ತು. ‘ತೆಗೀಬೇಡಿ. ಬಟ್ಟೆ ತಪ್ಪು ಮನೆಗೆ ಹೋಗುತ್ತೆ.’ ಕೆಳಗೆ ಒಂದು ಪ್ಯಾಂಟಿನ ಫೋಟೋ. ಬರೆದವನು ಅವರ ಬೀದಿಯ ಲಾಂಡ್ರಿಯವನು.

ಆಕ್ಷೇಪವನ್ನು ಬರೆದವರೇ ಹಿಂದಕ್ಕೆ ತೆಗೆದುಕೊಳ್ಳಬೇಕು, ಬೇರೆಯವರು ಅಳಿಸುವಂತಿಲ್ಲ. ಗೇಟಪ್ಪ ಹಲ್ಲುನೋವೆಂದು ಅಕ್ಕನಿಗೆ ಹೇಳಿ ಲಾಂಡ್ರಿಗೆ ಓಡಿದ. ಒಳಗೆ ಇಸ್ತ್ರಿಯ ಹಬೆ ತುಂಬಿತ್ತು. ಲಾಂಡ್ರಿಯವನು ಒಂದು ಅಂಗಿಯ ಕಾಲರಿನ ಮೇಲೆ ಪೆಟ್ಟಿಗೆ ಓಡಿಸುತ್ತಾ, “ಹೊಗಳಬೇಡಿ ಸಾರ್, ನನ್ನ ಕೈಲಾದ್ದು ಮಾಡಿದೆ,” ಎಂದ.

“ಹೊಗಳೋಕೆ ಬಂದಿಲ್ಲ ಅಣ್ಣ. ಅದನ್ನ ವಾಪಸ್ ತಗೋಬೇಕು.”

“ಯಾಕೆ?”

ಯಾಕೆ ಎಂದು ಹೇಳುವಂತಿರಲಿಲ್ಲ. ಗೇಟಪ್ಪ ಮುಖದ ಮೇಲಿನ ಹಬೆ ಒರೆಸಿಕೊಂಡು, “ದೊಡ್ಡವರು ತೀರ್ಮಾನ ಮಾಡಿದಾರೆ, ನಾವು ಅಡ್ಡ ಬರಬಾರದು,” ಎಂದ.

“ದೊಡ್ಡವರ ಬಟ್ಟೆ ಯಾರು ತಲುಪಿಸ್ತಾರೆ? ನಿಮ್ಮ ಮನೆಪತ್ತೆ ಬರೋಕೆ ಮುಂಚೆ ಒಬ್ರ ಮದುವೆ ಸೂಟು ಇನ್ನೊಬ್ರ ಮನೇಲಿ ಒಂದು ವಾರ ಇತ್ತು. ಅದು ಹೋದ್ರೆ ನನ್ನ ಗತಿ ಏನು?”

“ನಿಮ್ಮ ಅಂಗಡೀದು ನಾನೇ ಖುದ್ದಾಗಿ ನೋಡ್ಕೋತೀನಿ. ಏನೇ ಆದ್ರೂ ಒಂದು ಫೋನ್ ಮಾಡಿ, ಅವತ್ತೇ ಸರಿಮಾಡ್ತೀನಿ.”

“ರಜಾ ದಿನಾನೂ?”

“ರಜಾ ದಿನಾನೂ.”

ಲಾಂಡ್ರಿಯವನು ಪೆಟ್ಟಿಗೆ ಪಕ್ಕಕ್ಕಿಟ್ಟು, ಒದ್ದೆ ಬೆರಳನ್ನು ಒರೆಸಿಕೊಂಡು, ಆಕ್ಷೇಪ ಹಿಂದಕ್ಕೆ ಪಡೆದ. ಗೇಟಪ್ಪ ಅಂಗಡಿಯ ಮೆಟ್ಟಿಲಿಳಿಯುವಷ್ಟರಲ್ಲಿ ಪುಟದಲ್ಲಿ ಮತ್ತೊಂದು ಆಕ್ಷೇಪ ಬಂತು. ಅದು ಬಹಳ ಉದ್ದವಾಗಿತ್ತು. ಕಾಮಾಗಳೆಲ್ಲ ಇರಬೇಕಾದ ಜಾಗದಲ್ಲೇ ಇದ್ದುದರಿಂದ ಯಾರು ಬರೆದದ್ದೆಂದು ಹೆಸರು ನೋಡದೆಯೇ ತಿಳಿಯಿತು. ಗೇಟಪ್ಪನ ಪಕ್ಕದ ಮನೆಯ ನಿವೃತ್ತ ಮೇಷ್ಟ್ರು, ‘ಗೇಟಪ್ಪ’ ಎಂಬ ಹೆಸರನ್ನು ಗೋಡೆಯಾಚೆಯಿಂದ ಕೇಳಿಸಿಕೊಂಡವರು ಅವರೇ. ಅವರು ಮನೆಪತ್ತೆಯನ್ನು ಬಳಸುವುದಿರಲಿ, ತಮ್ಮ ಮನೆ ಬಿಟ್ಟು ಬೇರೆ ಮನೆ ಹುಡುಕಿಕೊಂಡು ಹೋದವರೇ ಅಲ್ಲ.

“ಮೇಷ್ಟ್ರೇ, ನಿಮಗೂ ಅದಕ್ಕೂ ಏನು ಸಂಬಂಧ?” ಎಂದು ಗೇಟಪ್ಪ ಅವರ ಜಗಲಿಯಲ್ಲಿ ನಿಂತು ಕೇಳಿದ.

“ಸಂಬಂಧ ಇರೋರು ವಿರೋಧಿಸಿದ್ರೆ ಅದು ಸ್ವಾರ್ಥ. ನಾನು ತತ್ವಕ್ಕೋಸ್ಕರ ವಿರೋಧಿಸಿದೀನಿ. ಕೂತ್ಕೋ.”

“ಕೂರೋಕೆ ಹೊತ್ತಿಲ್ಲ. ದಯವಿಟ್ಟು ವಾಪಸ್ ತಗೊಳ್ಳಿ. ಅದೇನು ಅಂತಾನೂ ನಿಮಗೆ ಗೊತ್ತಿಲ್ಲ.”

“ಗೊತ್ತಿಲ್ಲ, ಒಪ್ತೀನಿ. ಗೊತ್ತಿಲ್ಲದೆ ವಿರೋಧಿಸಬಹುದು, ಲೋಕದಲ್ಲಿ ನಡೀತಾ ಇರೋದೇ ಅದು. ಆದ್ರೆ ಗೊತ್ತಿಲ್ಲದೆ ಹಿಂದಕ್ಕೆ ತಗೊಳ್ಳೋದು ತಪ್ಪು. ಮೊದಲು ನನಗೆ ಅರ್ಥ ಮಾಡಿಸು.”

ಗೇಟಪ್ಪ ಬಾಗಿಲ ಚೌಕಟ್ಟಿಗೆ ಒರಗಿ, ಡೇಟಾಬೇಸ್ ಎಂದರೇನು ಎಂಬಲ್ಲಿಂದ ಶುರುಮಾಡಿದ. ಮೇಷ್ಟ್ರು ನಡುನಡುವೆ ಪ್ರಶ್ನೆ ಕೇಳಿದರು. ಪ್ರತಿ ಉತ್ತರದಿಂದ ಎರಡು ಹೊಸ ಪ್ರಶ್ನೆ ಹುಟ್ಟಿದವು. ಕೊನೆಗೆ ಅವನು ಕೈಮುಗಿದು, “ಈಗ ವಾಪಸ್ ತಗೊಳ್ಳಿ, ಪಾಠ ಆಮೇಲೆ ಮಾಡ್ತೀನಿ,” ಎಂದ.

“ಯಾವಾಗ?”

“ದಿನಾ ಸಂಜೆ.”

“ನಾಳೆಯಿಂದ?”

“ನಾಳೆಯಿಂದಲೇ,” ಎಂದುಬಿಟ್ಟ ಗೇಟಪ್ಪ. ನಾಳೆ ಸಂಜೆ ತಾನು ಎಲ್ಲಿರಬೇಕೆಂಬುದು ಅವನಿಗೆ ಆ ಗಳಿಗೆಯಲ್ಲಿ ಹೊಳೆಯಲಿಲ್ಲ. ಮೇಷ್ಟ್ರು ಕನ್ನಡಕ ಏರಿಸಿಕೊಂಡು, ಹಿಂಪಡೆಯುವ ಎರಡು ಸಾಲನ್ನೂ ಕಾಮಾ ಸಮೇತ ಬರೆದರು.

ಕಚೇರಿಗೆ ಮರಳಿದರೆ ಸಾಹೇಬರು ಕರೆಯುತ್ತಿದ್ದಾರೆ ಎಂದು ಅಕ್ಕ ಕಣ್ಣರಳಿಸಿ ಹೇಳಿದಳು. ಸಾಹೇಬರು ಕುರ್ಚಿಯಲ್ಲಿ ಎಂದಿಗಿಂತ ನೆಟ್ಟಗೆ ಕೂತಿದ್ದರು. ಎದುರಿನ ಪರದೆಯಲ್ಲಿ ಅವರ ಆಕ್ಷೇಪ ಕಚೇರಿಯ ಹೆಸರಿನಲ್ಲೇ ಮೆರೆಯುತ್ತಿತ್ತು.

“ಹಾಕ್ಬಿಟ್ಟೆ,” ಎಂದರು. “ಯಾರು ನಮ್ಮವರ ಮೇಲೆ ಕೈ ಮಾಡ್ತಾರೋ ನೋಡೋಣ. ಹಲ್ಲು ಹೇಗಿದೆ?”

“ಹಲ್ಲಾ? ಹಾಂ, ಪರವಾಗಿಲ್ಲ ಸಾರ್. ಸಾರ್, ಕಚೇರಿ ಹೆಸರು ಇದರಲ್ಲಿ ಬರೋದು ಚೆನ್ನಾಗಿರಲ್ಲ. ನಾಳೆ ಯಾರಾದ್ರೂ ಕೇಳಿದ್ರೆ ನಿಮಗೇ ತೊಂದರೆ.”

ಯಾರಾದರೂ ಕೇಳಿಯಾರು ಎಂಬ ಮಾತಿಗೆ ಸಾಹೇಬರ ಬೆನ್ನು ತುಸು ಬಾಗಿತು. ಆದರೂ ಅವರು ಸುಲಭಕ್ಕೆ ಬಿಡಲಿಲ್ಲ. “ಬಂದವರಿಗೆ ಇನ್ಮೇಲೆ ನಾನು ಏನು ತೋರಿಸ್ಲಿ? ಈ ಕಚೇರೀಲಿ ನೀರಿನ ಟ್ಯಾಂಕ್ ಬಿಟ್ರೆ ನೋಡೋಕೆ ನೀವೊಬ್ರೇ ಇರೋದು.”

“ನಮ್ಮ ಕಚೇರೀದು ಎಲ್ಲೂ ಹೋಗಲ್ಲ ಸಾರ್. ಇನ್ನೂ ದೊಡ್ಡದು ಮಾಡ್ತೀನಿ. ನೀವು ಹೇಳಿದಾಗೆಲ್ಲ ತೋರಿಸ್ತೀನಿ.”

“ರಜೆಯಲ್ಲಿ ಫೋನ್ ತೆಗೀತೀರಿ?”

“ತೆಗೀತೀನಿ ಸಾರ್.”

ಸಾಹೇಬರ ಆಕ್ಷೇಪವೂ ಹೋಯಿತು. ಗೇಟಪ್ಪ ತನ್ನ ಜಾಗಕ್ಕೆ ಬಂದು ಕುಸಿದು ಕೂತ. ಬೆಳಗಿನಿಂದ ಹೊಟ್ಟೆಗೆ ಏನೂ ಬಿದ್ದಿರಲಿಲ್ಲ. ಹಲ್ಲುನೋವಿರುವವನು ಊಟದ ಡಬ್ಬಿ ತೆರೆಯಲು ಅಕ್ಕ ಬಿಡಲಿಲ್ಲ, ಉಪ್ಪುನೀರು ತಂದುಕೊಟ್ಟಳು. ಅವನು ಬಾಯಿ ಮುಕ್ಕಳಿಸುತ್ತಾ ಪುಟ ನೋಡಿದರೆ ನಾಲ್ಕನೆಯದು ಬಂದಿತ್ತು.

ಇದು ಬೀದಿಯವರದೂ ಅಲ್ಲ, ಕಚೇರಿಯವರದೂ ಅಲ್ಲ. ಎಲ್ಲೋ ದೂರದ ಆಂಬುಲೆನ್ಸ್ ಸಂಸ್ಥೆಯೊಂದರ ಕಂಪ್ಯೂಟರ್ ವಿಭಾಗದ ಮುಖ್ಯಸ್ಥೆ ಬರೆದಿದ್ದರು. ‘ನಮ್ಮ ಗಾಡಿಗಳು ರೋಗಿಯ ಮನೆಗೆ ತಲುಪುವುದು ಮನೆಪತ್ತೆಯಿಂದ. ಇದನ್ನು ತೆಗೆಯಕೂಡದು.’ ಕೆಳಗೆ ಫೋನ್ ನಂಬರ್ ಇತ್ತು. ಗೇಟಪ್ಪ ಅದನ್ನು ಎರಡು ಸಲ ಓದಿದ. ತನ್ನ ಹಳದಿ ಗೇಟು ನೀಲಿ ಗೇಟುಗಳ ಹಿಂದೆ ಆಂಬುಲೆನ್ಸ್ ಓಡುತ್ತಿದೆ ಎಂದು ಅವನಿಗೆ ಯಾರೂ ಹೇಳಿರಲಿಲ್ಲ. ಹೆಮ್ಮೆಯೂ ಆಯಿತು, ಅಳುವೂ ಬಂತು. ಆದರೆ ಸಂಜೆ ಹತ್ತಿರವಾಗುತ್ತಿತ್ತು. ಅವನು ಮೆಟ್ಟಿಲ ಕೆಳಗೆ ಪೊರಕೆ ಬಕೆಟ್ಟುಗಳ ನಡುವೆ ನಿಂತು ಫೋನ್ ಮಾಡಿದ.

“ಮೇಡಂ, ಮನೆಪತ್ತೆ ಬರೆದವನು ನಾನೇ.”

“ಅಯ್ಯೋ, ನೀವೇನಾ ಸಾರ್? ನಿಮ್ಮಿಂದ ನಮಗೆ ಎಷ್ಟು ಉಪಕಾರ ಆಗಿದೆ ಗೊತ್ತಾ? ನೀವೇನೂ ಯೋಚನೆ ಮಾಡಬೇಡಿ, ಅದನ್ನ ತೆಗೆಯೋಕೆ ನಾವು ಬಿಡಲ್ಲ. ನಾವಿಲ್ಲಿ ಎಂಟು ಜನ ಇದೀವಿ...”

“ಎಂಟೂ ಜನ ನಿಶ್ಚಿಂತೆಯಾಗಿರಿ ಮೇಡಂ. ಗಂಟಿನಿಂದ ತೆಗೆದ್ರೂ ನಿಮಗೇನೂ ತೊಂದರೆ ಆಗಲ್ಲ.”

“ಅದಲ್ಲ ಸಾರ್, ನಾವು ಏನಂದ್ಕೊಂಡಿದ್ವಿ ಅಂದ್ರೆ...”

“ನೀವು ಏನೂ ಅಂದ್ಕೋಬೇಡಿ. ನಿಮ್ಮದನ್ನ ನಾನೇ ನೋಡ್ಕೋತೀನಿ. ಹಗಲು ರಾತ್ರಿ ಯಾವಾಗ ಬೇಕಾದ್ರೂ ಈ ನಂಬರಿಗೆ ಮಾಡಿ. ಆ ಆಕ್ಷೇಪ ಒಂದು ವಾಪಸ್ ತಗೊಳ್ಳಿ. ನನ್ನ ಮಾತು ನಡೆಸಿಕೊಡಿ.”

“ಬರೆದವರೇ ಇಷ್ಟು ಹೇಳುವಾಗ ನಾವು ಬೇಡ ಅನ್ನೋದು ಹೇಗೆ ಸಾರ್,” ಎಂದು ಆಕೆ ಕೊನೆಗೆ ಒಪ್ಪಿದರು.

ಕಚೇರಿ ಮುಚ್ಚುವ ಹೊತ್ತಿಗೆ ಪುಟ ಮತ್ತೆ ನಿಶ್ಶಬ್ದವಾಗಿತ್ತು. ಅಕ್ಕ ಸ್ವತಃ ಬರೆಯಬೇಕೆಂದು ಕೂತವಳು, ಎಲ್ಲರನ್ನೂ ಬರೆಯಲು ಹಚ್ಚುವುದರಲ್ಲೇ ದಿನ ಕಳೆದು, ಕಡೆಗೆ ತನ್ನ ಗುಪ್ತಪದವನ್ನೇ ಮರೆತಿದ್ದಳು. ಗೇಟಪ್ಪ ಅದನ್ನು ನೆನಪಿಸಲು ಏನೇನೂ ಸಹಾಯ ಮಾಡಲಿಲ್ಲ. ಗಡುವು ಮುಗಿಯಿತು. ‘ಆಕ್ಷೇಪ ಉಳಿದಿಲ್ಲ, ಮನೆಪತ್ತೆಯನ್ನು ಜೊತೆಗಂಟಿನಿಂದ ತೆಗೆಯಲಾಗಿದೆ’ ಎಂಬ ಸಾಲು ಬಂದಾಗ ಅಕ್ಕ ಕಣ್ಣೊರೆಸಿಕೊಂಡಳು. ಗೇಟಪ್ಪನೂ ಕರವಸ್ತ್ರದಲ್ಲಿ ಮುಖ ಮುಚ್ಚಿಕೊಂಡ, ನಗು ಯಾರಿಗೂ ಕಾಣಬಾರದಿತ್ತು.

ಮನೆಗೆ ಬಂದವನೇ ಹೆಂಡತಿಗೆ ಹೇಳಿದ. ಅವಳು ನಂಬದೆ ಫೋನ್ ಇಸಿದುಕೊಂಡು ತಾನೇ ಓದಿದಳು. ಆಮೇಲೆ ಅವನ ಎರಡು ಅಂಗಿಗಳನ್ನು ಮಡಿಸಿ ಚೀಲಕ್ಕೆ ಹಾಕಿ, ಬೆಳಿಗ್ಗೆ ಆರಿಹೋಗಿದ್ದ ಕಾಫಿಯ ಲೆಕ್ಕಕ್ಕೆ ಈಗ ಬಿಸಿಬಿಸಿಯಾಗಿ ಮಾಡಿಕೊಟ್ಟಳು. ಅವನು ಎರಡನೇ ಗುಟುಕು ಕುಡಿಯುವಾಗ ಉಸ್ತುವಾರಿಯ ಫೋನ್ ಬಂತು. ಹೆಂಡತಿಯೂ ಕೇಳಲಿ ಎಂದು ಅವನು ಧಾರಾಳವಾಗಿ ಸ್ಪೀಕರ್ ಹಾಕಿದ.

“ನೀವು ಹೇಳಿದ ಹಾಗೆ ತೆಗೆದಿದೀನಿ,” ಎಂದರು ಉಸ್ತುವಾರಿ. “ಆದ್ರೆ ಹಾಗೇ ಬೀದಿಗೆ ಬಿಡೋಕಾಗಲ್ಲ ನೋಡಿ. ಮನೆಪತ್ತೆಗೆ ಬೇರೆ ಪುಟ ಮಾಡಿ ನಿಮ್ಮ ಹೆಸರು, ನಂಬರ್ ಹಾಕಿದೀನಿ. ಇಷ್ಟು ದಿನ ಗಂಟಿನಲ್ಲಿತ್ತು, ಹೊಸ ಆವೃತ್ತಿ ಬಂದಾಗೆಲ್ಲ ನಾವೇ ಪರೀಕ್ಷೆ ಮಾಡ್ತಿದ್ವಿ. ಇನ್ನು ಅದನ್ನೂ ನೀವೇ ಮಾಡ್ಕೋಬೇಕು.”

ಗೇಟಪ್ಪ ಲೋಟ ಕೆಳಗಿಟ್ಟ. “ಮಾಡದೇ ಇದ್ರೆ?”

“ಮಾಡದೇ ಇದ್ರೂ ನಡೆಯುತ್ತೆ, ಬಳಸೋರು ಯಾರೂ ಇಲ್ಲ ಅಂದ್ರೆ. ನೀವು ಯಾರಿಗೂ ಮಾತು ಕೊಟ್ಟಿಲ್ಲ ತಾನೇ?”

ಗೇಟಪ್ಪ ಒಂದೊಂದಾಗಿ ನಾಲ್ಕು ಬೆರಳು ಮಡಿಸಿದ. ಹೆಂಡತಿ ಅವನ ಮುಖವನ್ನೇ ನೋಡತೊಡಗಿದಳು.

“ನನಗೊಂದು ಆಶ್ಚರ್ಯ,” ಎಂದು ಉಸ್ತುವಾರಿ ಮುಂದುವರಿಸಿದರು. “ಬೆಳಗ್ಗಿಂದ ನಾಲ್ಕು ಆಕ್ಷೇಪ ಬಂತು. ಸದ್ಯ, ನೀವು ಬಚಾವಾದ್ರಿ ಅಂದ್ಕೊಂಡಿದ್ದೆ. ಎಲ್ಲರೂ ಒಬ್ಬೊಬ್ರಾಗಿ ಯಾಕೆ ವಾಪಸ್ ತಗೊಂಡ್ರೋ.”

“ಆಕ್ಷೇಪ ಬಂದ್ರೆ ನಾನು ಹೇಗೆ ಬಚಾವಾಗ್ತೀನಿ?”

“ತೆಗೀಬೇಡಿ ಅಂದವರೇ ಸಾಕಬೇಕಲ್ಲ. ನಮ್ಮಲ್ಲಿ ಮೊದಲಿಂದ ಇರೋ ಪದ್ಧತಿ ಅದು. ಬರೆದವರಿಗೆ ಸಾಕಾದಾಗ ಹೀಗೆ ಪ್ರಕಟಿಸ್ತೀವಿ, ಯಾರಿಗೆ ಬೇಕೋ ಅವರು ತೆಗೀಬೇಡಿ ಅಂತ ಕೂಗ್ತಾರೆ. ಕೂಗಿದವರ ಕೈಗೆ ಕೊಟ್ಟು ಬರೆದವರನ್ನ ಬಿಟ್ಟುಬಿಡ್ತೀವಿ. ನಿಮಗೆ ಗೊತ್ತಿರುತ್ತೆ ಅಂತ ಹೇಳಲಿಲ್ಲ. ಆ ಮೇಷ್ಟ್ರಾದ್ರೂ ಆಗ್ತಿತ್ತು. ನಮ್ಮ ಇನ್ನೊಂದು ಮಾಡ್ಯೂಲನ್ನ ಒಬ್ರು ನಿವೃತ್ತ ದಂತವೈದ್ಯರು ಕಲಿತುಕೊಂಡು ಎಷ್ಟು ಚೆನ್ನಾಗಿ ನೋಡ್ಕೋತಿದಾರೆ. ಅದರಲ್ಲೂ ಆ ಆಂಬುಲೆನ್ಸಿನವರ ಹತ್ರ ಎಂಟು ಜನ ಇದ್ರು, ನಾವೇ ವಹಿಸ್ಕೋತೀವಿ ಅಂತ ಆಕ್ಷೇಪ ಹಾಕಿದಾಗಲೇ ನನಗೆ ತಿಳಿಸಿದ್ರು.”

ಫೋನ್ ಇಟ್ಟ ಗೇಟಪ್ಪ ಕಾಫಿ ಲೋಟವನ್ನು ಪಕ್ಕಕ್ಕೆ ಸರಿಸಿದ. ಇನ್ನೂ ಒಂದು ದಾರಿ ಇದೆ ಎಂದು ಅವನಿಗೆ ಹೊಳೆಯಿತು. ಸ್ಪೀಕರ್ ತೆಗೆಯುವುದನ್ನೂ ಮರೆತು ಆಂಬುಲೆನ್ಸ್ ಸಂಸ್ಥೆಯ ಮೇಡಂಗೆ ಫೋನ್ ಮಾಡಿದ.

“ಮೇಡಂ, ಆಗ ನೀವೇನೋ ಹೇಳೋಕೆ ಬಂದ್ರಿ, ನಾನು ಪೂರ್ತಿ ಕೇಳಲಿಲ್ಲ. ಮನೆಪತ್ತೇನ ನಿಮ್ಮ ಎಂಟು ಜನವೇ ವಹಿಸ್ಕೊಳ್ಳೋದಾದ್ರೆ ನನ್ನದೇನೂ ಅಡ್ಡಿಯಿಲ್ಲ.”

“ಅಯ್ಯೋ ಸಾರ್, ಈಗ ಹೇಳ್ತಿದೀರಲ್ಲ,” ಎಂದರು ಆಕೆ ನಗುತ್ತಾ. “ಅದಕ್ಕೆ ಅಂತಲೇ ಎಲ್ಲರ ರಜೆ ತಡೆ ಹಿಡಿದಿದ್ದೆ. ನೀವೇ ಹಗಲು ರಾತ್ರಿ ನೋಡ್ಕೋತೀನಿ ಅಂತ ಮಾತು ಕೊಟ್ರಲ್ಲ, ಧೈರ್ಯವಾಗಿ ಬಿಟ್ಟುಕೊಟ್ಟೆ. ಪಾಪ, ಎಂಟೂ ಜನ ಸಂಸಾರ ಸಮೇತ ಸಮುದ್ರಕ್ಕೆ ಹೊರಟುಹೋದ್ರು. ನಿಮ್ಮ ಹೆಸರು ಹೇಳಿ ಹರಸ್ತಾ ಇದ್ರು. ನಮ್ಮದು ನಾಳೆ ಬೆಳಿಗ್ಗೆಯಿಂದ ನಿಮ್ಮ ಜವಾಬ್ದಾರಿ, ಅಲ್ವಾ ಸಾರ್?”

ಗೇಟಪ್ಪ ‘ಹೂಂ’ ಎಂದ. ಹೆಂಡತಿ ಚೀಲದಿಂದ ಅವನ ಎರಡು ಅಂಗಿಗಳನ್ನು ತೆಗೆದು ಮತ್ತೆ ಕಪಾಟಿನಲ್ಲಿಟ್ಟಳು. ಆಮೇಲೆ ಫೋನಿನ ಹತ್ತಿರ ಬಾಗಿ, ಬಹಳ ಮರ್ಯಾದೆಯಿಂದ ಹೇಳಿದಳು: “ಮೇಡಂ, ನಾನು ಅವರ ಮನೆಯಾಕೆ. ನಾಳೆ ನಮ್ಮಕ್ಕ, ನಾನು ಅಲ್ಲೇ ಬರ್ತಿದೀವಿ. ಸಿಗ್ತೀವಿ ಅಂತ ನಿಮ್ಮವರಿಗೆ ತಿಳಿಸಿಬಿಡಿ.”